ಇನ್ನೂರು, ಎಲ್ಲಾ ಸರಿ

ಮತ್ತೆ ಖಾಲಿ. ವೃಷಭ ಕೀಬೋರ್ಡ್ ಕುಟ್ಟಿದ ರಭಸಕ್ಕೆ ಬಸಿಯಲ್ಲಿದ್ದ ಚಹಾದ ಕಪ್ಪು ಕುಣಿಯಿತು.

ಬೆಳಿಗ್ಗೆಯಿಂದ ಇದು ನಲವತ್ತೊಂದನೆಯ ಸಲ. ಅವನು ಬರೆದ ಪ್ರೋಗ್ರಾಮು ಗೋಕಾಕದಿಂದ ಒಂದು ಫೋನ್ ನಂಬರ್ ಕಳಿಸಬೇಕು. ಹುಕ್ಕೇರಿಯಲ್ಲಿ ಕೂತ ಸರ್ವರ್ ಆ ನಂಬರಿನವರ ಹೆಸರನ್ನು ವಾಪಸ್ ಕಳಿಸಬೇಕು. ಅಷ್ಟೇ. ಸುತ್ತಲಿನ ಜೈನ ಸಮಾಜದವರಿಗೆಲ್ಲ ಕಂಪ್ಯೂಟರಿನಲ್ಲೊಂದು ಫೋನ್ ಪುಸ್ತಕ. 2006ರ ಹೊಸ ಶೋಕಿ. ಸರ್ವರ್ ಪ್ರತಿಸಲವೂ ‘200’ ಎನ್ನುತ್ತಿತ್ತು. ಅಂದರೆ, ಕೋರಿಕೆ ಮುಟ್ಟಿತು, ಎಲ್ಲಾ ಸರಿ, ಉತ್ತರ ಕಳಿಸಿದ್ದೇನೆ ಎಂದು. ಬಿಚ್ಚಿ ನೋಡಿದರೆ ಒಳಗೆ ಒಂದಕ್ಷರವಿಲ್ಲ. ಎಂಥ ಸೊಕ್ಕು ನೋಡಿ ಆ ಡಬ್ಬಕ್ಕೆ!

ಬರೀ ಕೆಲಸ ಕೆಟ್ಟಿದ್ದರೆ ನಾಲ್ಕು ಬೈಗುಳ ತಿಂದು ಸುಮ್ಮನಾಗಬಹುದಿತ್ತು. ಇದರಲ್ಲಿ ಮದುವೆ ಸಿಕ್ಕಿಕೊಂಡಿತ್ತು. ಹೋದ ಭಾನುವಾರ ವೃಷಭ ಮೂಡಲಗಿಗೆ ಕನ್ಯೆ ನೋಡಲು ಹೋಗಿದ್ದ. ಹುಡುಗಿಯ ಹೆಸರು ಭಕ್ತಿ. ಡಿಟಿಪಿ ಅಂಗಡಿಯಲ್ಲಿ ಕೆಲಸ. ಈ ಪುಸ್ತಕದ ಹೆಸರುಗಳನ್ನೆಲ್ಲ ಟೈಪ್ ಮಾಡುತ್ತಿದ್ದವಳೂ ಅವಳೇ. “ಏನರ ಕೇಳೂದೈತೇನವಾ?” ಎಂದು ಹಿರಿಯರು ಅಂದದ್ದೇ ತಡ, ಅವಳು ತಲೆಯೆತ್ತಿ ಅವನನ್ನೇ ನೋಡಿ, “ನೀವು ಮಾಡಾಕತ್ತಿದ್ದು ಖರೇನ ನಡೀತೈತೇನ್ರಿ?” ಎಂದಿದ್ದಳು.

ವೃಷಭ ಅಲ್ಲೇ ಮರುಳಾದ. ಶನಿವಾರ ಸಂಜೆಯೊಳಗೆ ನಡೆಸಿ ತೋರಿಸುತ್ತೇನೆಂದು ಮಾತು ಕೊಟ್ಟ. ಭಾನುವಾರ ತಿಳಿಸುತ್ತೇವೆ ಎಂದರು ಅವಳಪ್ಪ. ಇವತ್ತು ಶನಿವಾರ. ಗಂಟೆ ಐದು.

ಸರ್ವರ್ ನೋಡಿಕೊಳ್ಳುವ ಜಿನೇಂದ್ರನಿಗೆ ಹುಕ್ಕೇರಿಗೆ ಫೋನ್ ಹಚ್ಚಿದ.

“ಗುರುವಾರ ಮೂಡಲಗಿಯಿಂದ ಸಿ.ಡಿ. ಬಂತು, ಹಾಕೇನಿ. ಸಾವಿರದ ನಾನೂರಾ ಹನ್ನೆರಡು ನಂಬರು, ಒಂದೂ ಕಡಿಮಿ ಇಲ್ಲ. ತಪ್ಪು ನಿನ್ನ ಕೋಡಿನಾಗ ಐತಿ, ನೋಡ್ಕೊ,” ಎಂದು ಜಿನೇಂದ್ರ ಫೋನ್ ಇಟ್ಟ.

ವೃಷಭ ಕೋರಿಕೆಯ ಜೊತೆ ಹೋಗುವ ಹೆಡರ್ ಬದಲಿಸಿದ. ಕನ್ನಡ ಅಕ್ಷರಗಳು ಹಾದಿಯಲ್ಲಿ ಉದುರುತ್ತಿವೆಯೇನೋ ಎಂದು ಎನ್‌ಕೋಡಿಂಗ್ ಬದಲಿಸಿದ. ಉತ್ತರಕ್ಕೆ ಕಾಯುವ ಸಮಯವನ್ನು ಒಂದು ನಿಮಿಷಕ್ಕೆ ಏರಿಸಿದ. ಪ್ರತಿಸಲವೂ ಒತ್ತಿದ್ದು ತನ್ನದೇ ಮೊಬೈಲ್ ನಂಬರು. ಪುಣ್ಯಾತ್ಮನಿಗೆ ಬಾಯಿಪಾಠವಿದ್ದದ್ದು ಅದೊಂದೇ. ಪ್ರತಿಸಲವೂ ಖಾಲಿ.

ಸುಂದರಾಬಾಯಿ ತಾಟು ಹಿಡಿದು ಅಟ್ಟ ಹತ್ತಿ ಬಂದಳು. ಅವನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಕೆಳಗಿನ ಪೈಪಿನ ಅಂಗಡಿ ಅವಳ ಗಂಡನದು.

“ಹೊತ್ತು ಮುಳುಗೂದ್ರಾಗ ಉಣ್ಣೋ.”

“ನನ್ನ ಲಗ್ನಾನ ಮುರಿಯಾಕತ್ತೈತಿ ಕಾಕು, ನಿನಗ ಊಟದ್ದು!”

“ಒಂದು ಹೆಸರು ತೋರಸಾಕ ಇಷ್ಟು ಒದ್ದಾಟೇನು? ನಮ್ಮ ಮನಿಯವರ ನಂಬರ್ ಒತ್ತಿ ನೋಡು.”

ಕಾಕುವಿನ ಬಾಯಿ ಮುಚ್ಚಿಸಲೆಂದೇ ಮೊಬೈಲಿನಲ್ಲಿ ಹುಡುಕಿ ಒತ್ತಿದ. ಪರದೆಯ ಮೇಲೆ ತಟ್ಟನೆ ಮೂಡಿತು: ಧನಪಾಲ.

“ಬಂತು! ಕಾಕು, ಬಂತು! ಸರಿ ಐತೇನು, ಓದು!”

ಕಾಕು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಹೂಂ, ಅದ... ಸರಿ ಐತಿ.”

ವೃಷಭ ಮೊಬೈಲಿನಲ್ಲಿದ್ದ ನಂಬರುಗಳನ್ನೆಲ್ಲ ಒತ್ತಿದ. ಮಾವ ಬಂದ, ಮಾಸ್ತರು ಬಂದರು, ಜಿನೇಂದ್ರನೂ ಬಂದ. ಕೋಡು ಬೆಳಿಗ್ಗೆಯಿಂದಲೂ ಸರಿಯಾಗಿಯೇ ನಡೆದಿತ್ತು! ಕುರ್ಚಿ ಬಿಟ್ಟೆದ್ದು ಕಾಕುವಿನ ಸುತ್ತ ಗಿರಗಿರನೆ ತಿರುಗಿದ. ಮತ್ತೆ ತನ್ನ ನಂಬರ್ ಒತ್ತಿದ.

ಖಾಲಿ.

ಅವನ ಮುಖ ಇಳಿಯಿತು. ಊರವರ ಹೆಸರನ್ನೆಲ್ಲ ಟೈಪ್ ಮಾಡಿದವಳು ಅವನದೊಂದನ್ನೇ ಬಿಟ್ಟಿದ್ದಾಳೆ. ಭಾನುವಾರದವರೆಗೆ ಕಾಯುವುದು ಇನ್ನೇನಿದೆ? ಸಿಟ್ಟು ಬಂತು. ಮೂಡಲಗಿಯ ಡಿಟಿಪಿ ಅಂಗಡಿಗೆ ಫೋನ್ ಹಚ್ಚಿದ. ಎತ್ತಿದವಳು ಭಕ್ತಿಯೇ.

“ನಡೀತೈತ್ರಿ ನನ್ನ ಪ್ರೋಗ್ರಾಮು. ಎಲ್ಲಾರ ಹೆಸರೂ ಬರಾಕತ್ತಾವು. ನಂದೊಂದ ಇಲ್ಲ.”

“ಗೊತ್ತೈತ್ರಿ.”

“ಮರತ್ರೇನು?”

“ಇಲ್ರಿ. ಮೊದಲ ಟೈಪ್ ಮಾಡಿದ್ನಿ. ಬುಧವಾರ ಅಪ್ಪಾರ ಕೂಡ ಮಾತಾಡಿದ ಮ್ಯಾಲೆ ಅಳಿಸಿದ್ನಿ.”

“ಅಳಿಸೂದ್ಯಾಕ್ರಿ?” ವೃಷಭ ರೇಗಿದ. “ಮನಸಿಗೆ ಬರದಿದ್ರ ಬಾಯಿ ಬಿಟ್ಟು ಹೇಳಬೇಕಿತ್ತು.”

ಆ ಕಡೆ ಬಳೆಗಳ ಸದ್ದಾಯಿತು. ನಗು ತಡೆಯಲು ಅವಳು ಬಾಯಿಗೆ ಕೈ ಅಡ್ಡ ಹಿಡಿದಿರಬೇಕು.

“ಅದೊಂದು ನೀವ ತುಂಬ್ಕೋರಿ,” ಎಂದಳು ಭಕ್ತಿ. “ಗಂಡನ ಹೆಸರು ನಾ ಹೆಂಗ ತಗೊಳ್ಳಲಿ?”