ಎರಡನೆಯ ಸಸಿ

ಅರ್ಜಿಯಲ್ಲಿ 'ಮಕ್ಕಳು' ಎಂಬ ಜಾಗದ ಮುಂದೆ ವಿಮಲಾಕ್ಷಿ 'ಇಲ್ಲ' ಎಂದು ಬರೆದಿದ್ದಳು. ಅವಳ ಒಬ್ಬನೇ ಮಗ ಸಾವಯವ ಕೃಷಿ ಕಲಿಸಲು ಸ್ವಯಂಸೇವಕನಾಗಿ ಟಾಂಜಾನಿಯಾದ ಈ ಹಳ್ಳಿಗೆ ಬಂದು, ಮಲೇರಿಯಾದಿಂದ ಇಲ್ಲೇ ತೀರಿಕೊಂಡಿದ್ದ. ಈಗ ಅವಳೂ ಅದೇ ಕೆಲಸಕ್ಕೆ ಬಂದಿದ್ದಳು. ತಾನು ಕೇಳದೆಯೇ ಯಾರಾದರೂ ಅವನ ಹೆಸರೆತ್ತುತ್ತಾರೋ ಎಂದು ನೋಡಬೇಕಿತ್ತು.

ಮೂರು ತಿಂಗಳು ಸಗಣಿ ಕಲಸಿದಳು, ಎರೆಗೊಬ್ಬರ ಜರಡಿ ಹಿಡಿದಳು, ಹರಕುಮುರುಕು ಸ್ವಾಹಿಲಿ ಕಲಿತಳು. ಊರವರು ಲೋಕದ ಹರಟೆಯನ್ನೆಲ್ಲ ಹೊಡೆದರು. ಅವನ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಹೆತ್ತ ತಾಯಿಯನ್ನೂ ಬಿಡದೆ ಕಂಡವರನ್ನೆಲ್ಲ ಅಣಕಿಸಿ ನಗಿಸುತ್ತಿದ್ದ ಹುಡುಗನನ್ನು ಇಷ್ಟು ಬೇಗ ಮರೆತುಬಿಟ್ಟರಲ್ಲ!

ಊರಿಗೆ ಮರಳುವ ದಿನ ಪ್ರತಿಯೊಬ್ಬ ಸ್ವಯಂಸೇವಕರೂ ಒಂದು ಮಾವಿನ ಸಸಿ ನೆಟ್ಟು ಹೊರಡುವುದು ಅಲ್ಲಿಯ ರೂಢಿ. ಅವಳಿಗೆ ತನ್ನ ಮನೆಯಲ್ಲಿ ಜಾಗ ಕೊಟ್ಟಿದ್ದ ಅಜ್ಜಿ ಎರಡು ಸಸಿ ತಂದು ಕೈಗಿಟ್ಟಳು.

"ನನಗ್ಯಾಕಜ್ಜಿ ಎರಡು?"

"ಒಂದು ನಿನ್ನ ಮಗಂದು. ಅವನು ನೆಡದೇ ಹೋದ್ನಲ್ಲ."

ವಿಮಲಾಕ್ಷಿ ಸಸಿಗಳನ್ನು ಕೆಳಗಿಟ್ಟಳು. "ನಿಮಗೆ ಗೊತ್ತಿತ್ತಾ? ಮತ್ತೆ ಒಂದು ಮಾತೂ ಆಡಲಿಲ್ಲ!"

"ನೀನಾಗೇ ಹೇಳ್ತೀಯ ಅಂತ ಕಾದ್ವಿ ಮಗಳೇ. ನೀನು ಬಸ್ಸಿಳಿದು ಡ್ರೈವರನ್ನ ಬೈದೆ ನೋಡು, ಆಗಲೇ ಊರಿಗೆಲ್ಲ ಗೊತ್ತಾಯ್ತು."

"ಹೇಗೆ?"

ಕನ್ನಡದ ಒಂದಕ್ಷರ ಅರಿಯದ ಅಜ್ಜಿ ಸೊಂಟಕ್ಕೆ ಕೈಯಿಟ್ಟು, ಕತ್ತು ಕೊಂಕಿಸಿ, ವಿಮಲಾಕ್ಷಿಯದೇ ದನಿಯಲ್ಲಿ ಕೂಗಿದಳು: "ಲೋ ಕತ್ತೆ, ಎಷ್ಟೊತ್ತೋ ಹೊರಗೆ? ಕಾಲು ತೊಳ್ಕೊಂಡು ಒಳಗೆ ಬಾರೋ!"