ಅಕ್ಕನ ತೋಳಿನ ದದ್ದು

ಹೊಂಬಾಳೆ ಸೀಳಿದ ವಾಸನೆ ಬಂದರೆ ಈಗಲೂ ನನಗೆ ಅಕ್ಕನ ತೋಳು ನೆನಪಾಗುತ್ತದೆ.

ಅವಳಿಗೆ ಉಬ್ಬಸ. ಮದುವೆಗೆ ಮುಂಚೆ ಗುಣವಾಗಲೆಂದು ಅಪ್ಪ ಹಾಸನದ ಡಾಕ್ಟರಿಗೆ ತೋರಿಸಿದ. ಅವರು ಬೇರೆ ಬೇರೆ ಹೂವಿನ ಧೂಳಿನ ರಸವನ್ನು ತೋಳಿನ ಮೇಲೆ ತೊಟ್ಟಿಕ್ಕಿಸಿ ಸೂಜಿಯಿಂದ ಚುಚ್ಚಿದರು. ತೆಂಗಿನ ಹೂವಿನದು ಮಾತ್ರ ಕೆಂಪಗೆ ಉಬ್ಬಿತು. "ಇದು ಇವಳ ಹತ್ತಿರ ಸುಳಿಯಬಾರದು" ಎಂದರು.

ಚನ್ನರಾಯಪಟ್ಟಣದ ಮನೆಯಲ್ಲಿ ಅಜ್ಜಿ ಆ ದದ್ದನ್ನು ಸವರಿದಳು. ಸಿಡುಬಿಗೆ ಚುಚ್ಚಿದ ದಾಕು ಉಬ್ಬಿದರೆ ಮಗು ಗೆದ್ದಂತೆಯೇ ಎಂದು ಆಗ ನಂಬಿಕೆ.

"ದಾಕು ಎದ್ದೈತೆ ಕಣ್ಲಾ. ಇನ್ನ ತೆಂಗಿನ ಊವು ಏನೂ ಮಾಡಾಕಿಲ್ಲ" ಎಂದಳು. ಅಪ್ಪ ಹೌದೆಂದು ತಲೆಯಾಡಿಸಿದ.

ಮಾರನೆಯ ಮಧ್ಯಾಹ್ನ ಮದುವೆಯ ಶಾಸ್ತ್ರಕ್ಕೆ ಅಕ್ಕನ ಮಡಿಲಲ್ಲಿ ಬಿರಿದ ತೆಂಗಿನ ಹೊಂಬಾಳೆ ಇಟ್ಟರು. ಸೀರೆಯ ತುಂಬ ಹಳದಿ ಪುಡಿ ಉದುರಿತು. ಸಂಜೆಯೊಳಗೆ ಅವಳ ಉಸಿರು ಸಿಳ್ಳೆಯಾಗಿ, ನಿಂತೇಹೋಯಿತು.

ಜಗಲಿಯಲ್ಲಿ ಮಲಗಿಸಿದ್ದ ಅವಳ ತೋಳನ್ನು ಅಜ್ಜಿ ಮತ್ತೆ ಸವರಿದಳು. "ಊತ ಇಳ್ದೋಗೈತೆ. ದಾಕು ಇಡೀಲೇ ಇಲ್ಲ ಕಣ್ಲಾ" ಎಂದಳು.