ಹಗ್ಗದ ಅಳತೆ

ಮಗನ ಸೊಂಟದ ಗಂಟನ್ನು ಮಕ್ಕಳ ಇಲಾಖೆಯ ಅಧಿಕಾರಿ ಬಗ್ಗಿ ನೋಡಿದಾಗ ಏಕಾಂತಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ಎರಡು ವರ್ಷದ ಕೂಸಿನ ಮೈಗೆ ಒರಟು ಹಗ್ಗ ಉಜ್ಜದಿರಲೆಂದು ಅವಳು ಹಳೆ ಸೀರೆಯ ತುಂಡು ಸುತ್ತಿದ್ದಳು.

"ಅಳತೆ ಮಾಡೇ ಕಂಬಕ್ಕೆ ಕಟ್ಟೀನಿ ಸ್ವಾಮಿ. ನೀರಿನ ಚೊಂಬು ಕೈಗೆ ಸಿಗ್ತೈತೆ, ಒಲೆ ಸಿಗಲ್ಲ. ನಾನು ಶೇಂಗಾ ಕೀಳಾಕೆ ಹೋದ್ರೆ ಬರೋದು ಹೊತ್ತು ಮುಳುಗಿದ ಮ್ಯಾಲೆ."

ಅಧಿಕಾರಿ ಅದನ್ನೆಲ್ಲ ಬರೆದುಕೊಂಡರು. ಕೊನೆಯ ಸಾಲನ್ನು ಮಾತ್ರ ಓದಿ ಹೇಳಿದರು: "ಕಾಯ್ದೆಯ ಪ್ರಕಾರ ಇದು ನಿರ್ಲಕ್ಷಿತ ಮಗು."

"ಹಂಗಂದ್ರೆ?"

"ನೋಡ್ಕೊಳ್ಳೋರಿಲ್ಲದ ಮಗು ಅಂತ, ತಾಯಿ. ಕರ್ಕೊಂಡು ಹೋಗ್ತೀವಿ, ದುರ್ಗದ ಬಾಲಮಂದಿರದಾಗೆ ಸರ್ಕಾರದವರು ಸಾಕ್ತಾರೆ. ಇಲ್ಲಿ ಹೆಬ್ಬೆಟ್ಟು ಒತ್ತು."

ಏಕಾಂತಮ್ಮ ಹೆಬ್ಬೆಟ್ಟು ಒತ್ತಿದಳು. ಕೂಸು ಬಾಗಿಲ ಮುಂದೆ ನಿಂತ ಜೀಪು ಕಂಡು ಕೇಕೆ ಹಾಕುತ್ತಿತ್ತು. ಅದರ ಗಂಟನ್ನು ಯಾರಿಗೂ ಮುಟ್ಟಗೊಡದೆ ತಾನೇ ಬಿಚ್ಚಿ, ಹಗ್ಗವನ್ನು ಮೊಳ ಹಾಕುತ್ತಾ ಅಧಿಕಾರಿಯ ಮುಂದೆ ಬಂದು ನಿಂತಳು.

"ಇವನ ಅಕ್ಕನ್ನ ಕಟ್ಟಿರಲಿಲ್ಲ ಸ್ವಾಮಿ, ಹಿತ್ತಲ ಬಾವಿಗೆ ಬಿದ್ಲು. ನಿಮ್ಮಲ್ಲಿ ಬಾವಿ ಎಷ್ಟು ದೂರ ಐತೆ ಹೇಳ್ರಿ. ಅದಕ್ಕೆ ಒಂದು ಮೊಳ ಕಮ್ಮಿ ಮಾಡಿ ಕತ್ತರಿಸಿ ಕೊಡ್ತೀನಿ."